ಒಂಟಿಕಾಲಿಗೊಂದು ತಲೆ

ಧೀರೇಂದ್ರಾಚಾರ್ಯರಿಗೆ ಆ ಹೆಸರಿಟ್ಟವರು ಅವರ ಅಜ್ಜ. ಧೈರ್ಯದ ಮಟ್ಟಿಗೆ ಹೇಳುವುದಾದರೆ ಅದು ಹೆಸರಿನಲ್ಲೇ ಉಳಿಯಿತು, ಅಲ್ಲಿಂದ ಕೆಳಗಿಳಿಯಲಿಲ್ಲ. ರಾಯಚೂರಿನ ಮದರಸೆಯೊಂದರಲ್ಲಿ, ಅಂದರೆ ನಿಜಾಮರ ಸರಕಾರಿ ಶಾಲೆಯಲ್ಲಿ, ಲೆಕ್ಕದ ಮಾಸ್ತರರಾಗಿದ್ದ ಅವರು ಹುಡುಗರಿಗೆ ಭಾಗಾಕಾರ ಹೇಳಿಕೊಡುವಾಗಲೂ, ಶೇಷ ಉಳಿದುಬಿಟ್ಟರೆ ಏನು ಗತಿ ಎಂದು ಬೆವರುತ್ತಿದ್ದರು.

ಇಂಥ ಮಾಸ್ತರರು ಒಮ್ಮೆ ಮಾನ್ವಿಯಲ್ಲಿ ಬಾಯಿ ಜಾರಿದರು.

ದೇವದುರ್ಗದಲ್ಲಿದ್ದ ಅವರ ಅಕ್ಕ ಸತ್ಯಭಾಮಾಬಾಯಿಗೆ ತುಂಗಾ ಎಂಬ ಒಬ್ಬಳೇ ಮಗಳು. ತಂದೆಯಿಲ್ಲದ ಹುಡುಗಿ. ಅವಳಿಗೆ ಬಂದಿದ್ದ ಎರಡು ಸಂಬಂಧಗಳು ಆಗಲೇ ಮುರಿದಿದ್ದವು. ಒಂದು ಜಾತಕದ ನೆವದಿಂದ, ಇನ್ನೊಂದು ನೆವವನ್ನೂ ಹೇಳದೆ. ಮೂರನೆಯದು ಮಾನ್ವಿಯ ವೆಂಕೂಬಾಯಿಯವರ ಮಗ ವಾದಿರಾಜನದು. ಹುಡುಗ ತಹಶೀಲ ಕಚೇರಿಯಲ್ಲಿ ಗುಮಾಸ್ತ. ಮಾಸ್ತರರು ಹೋಗಿ ಹುಡುಗನನ್ನು ನೋಡಿದರು, ಮಾತಾಡಿದರು, ಮೆಚ್ಚಿದರು. ಏಳುವಾಗ ವೆಂಕೂಬಾಯಿ ಹೇಳಿದರು.

“ಹುಡುಗಿದೊಂದು ಫೋಟೋ ಕಳಿಸ್ರಿ ಆಚಾರ್ರೆ. ಸ್ಟುಡಿಯೋಕ್ಕ ಕರಕೊಂಡು ಹೋಗಿ ತಗಸ್ರಿ. ಆಮ್ಯಾಲ ನೋಡ್ಲಿಕ್ಕ ಬರ್ತೀವಿ.”

“ಸ್ಟುಡಿಯೋ ಯಾಕ್ರಿ,” ಎಂದರು ಮಾಸ್ತರರು. “ಫೋಟೋ ತಗಿಯೋದು ನನಗೊಂದು ಲೆಕ್ಕಾನೇ ಅಲ್ಲ. ನಾನೇ ತಗದು ಕಳಿಸ್ತೀನಿ.”

ಆವರೆಗೆ ಮಾಸ್ತರರಿಗೂ ಫೋಟೋಕ್ಕೂ ಇದ್ದ ಸಂಬಂಧವೆಂದರೆ, ಮದರಸೆಯ ಗುಂಪಿನ ಚಿತ್ರವೊಂದರಲ್ಲಿ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತದ್ದು.

ಆದರೆ ಆಡಿದ ಮಾತು ಆಡಿಯಾಗಿತ್ತು. ಯುದ್ಧದ ಕಾಲ; ಸೀಮೆಎಣ್ಣೆಯಿಂದ ಹಿಡಿದು ಫಿಲ್ಮಿನವರೆಗೆ ಎಲ್ಲಕ್ಕೂ ತತ್ವಾರ. ರಾಯಚೂರಿನಿಂದ ವರ್ಗವಾಗಿ ಹೊರಟಿದ್ದ ರೈಲಿನ ಗಾರ್ಡೊಬ್ಬನಿಂದ ಮಾಸ್ತರರು ಒಂದು ಮಡಚುವ ಕ್ಯಾಮೆರಾ, ಅರ್ಧ ಮುಗಿದ ಫಿಲ್ಮಿನ ಸುರುಳಿ ಮತ್ತು ಕ್ಯಾಮೆರಾ ನಿಲ್ಲಿಸುವ ಕೋಲನ್ನು ಕೊಂಡರು. ಸ್ಟುಡಿಯೋದವರ ಕೋಲಿಗೆ ಮೂರು ಕಾಲು. ಇದಕ್ಕೆ ಒಂದೇ. ಒಳಗಿನ ಕೊಳವೆ ಎಳೆದರೆ ಹೊಟ್ಟೆಯ ಮಟ್ಟಕ್ಕೆ ಬರುತ್ತಿತ್ತು, ಒತ್ತಿದರೆ ಕಂಕುಳಲ್ಲಿ ಕೂರುತ್ತಿತ್ತು. ಒಂದೇ ಕೊರತೆಯೆಂದರೆ ಅದಕ್ಕೆ ತಲೆ ಇರಲಿಲ್ಲ. ಕೋಲಿನ ತುದಿಗೂ ಕ್ಯಾಮೆರಾದ ತಳಕ್ಕೂ ನಡುವೆ ಇರಬೇಕಾದ, ಕ್ಯಾಮೆರಾವನ್ನು ಹಿಡಿದು ಬೇಕಾದಂತೆ ಬಗ್ಗಿಸುವ ಆ ಭಾಗ ಯಾವುದೋ ಸ್ಟೇಷನ್ನಿನಲ್ಲಿ ಕಳೆದುಹೋಗಿತ್ತು.

“ತಲೆ ಎಲ್ಲಿಯಾದರೂ ಸಿಗುತ್ತದೆ,” ಎಂದು ಹೇಳಿ ಗಾರ್ಡು ರೈಲು ಹತ್ತಿದ.

ಮಾಸ್ತರರು ತಲೆಯ ಗೊಡವೆ ಬೇಡವೆಂದು ದೇವದುರ್ಗಕ್ಕೆ ಹೋಗಿ, ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ತುಂಗಾಳ ಫೋಟೋ ತೆಗೆದರು. ಕೈ ಎಂದಿನಂತೆ ನಡುಗಿತು. ತೆಗೆದಷ್ಟು ಫಿಲ್ಮನ್ನು ಕತ್ತಲೆಯಲ್ಲಿ ಕತ್ತರಿಸಿ ತೊಳೆಸಿ ತಂದ ಚಿತ್ರದಲ್ಲಿ ತುಂಗಾಳಿಗೆ ಮೂರು ಕಣ್ಣಿದ್ದವು. ಹಿಂದಿನ ಕಟ್ಟೆಯ ಮೇಲೆ ಎರಡು ತುಳಸಿ.

ಸತ್ಯಭಾಮಾಬಾಯಿ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಇದನ್ನ ಕಳಿಸಿದ್ರ ಅವರು ಹುಡುಗಿ ನೋಡ್ಲಿಕ್ಕ ಬರೂದಿಲ್ಲ ಧೀರೂ. ದೇವಿ ಅಂತ ಉಡಿ ತುಂಬಲಿಕ್ಕ ಬರ್ತಾರ.”

“ಅಕ್ಕಾ, ತಲಿ ಒಂದು ಸಿಕ್ಕರ ಎಲ್ಲಾ ಸರಿ ಆಗತದ.”

“ಆಷಾಢ ಹತ್ರ ಬಂತು,” ಎಂದು ಅಕ್ಕ ಒಳಗೆ ಹೋದರು. ಬೈದಿದ್ದರೆ ಮಾಸ್ತರರಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಓಣಿಯಲ್ಲಿ ಅಂಬಣ್ಣನೆಂಬ ಬಡಿಗನಿದ್ದ. ಅವನು ಹೆಸರಾದದ್ದು ತೊಟ್ಟಿಲಿಗೆ. ಯಾವ ಕೆಲಸ ಕೊಟ್ಟರೂ ಅದರೊಳಗೆ ತೊಟ್ಟಿಲನ್ನು ಕಾಣುವುದು ಅವನ ಸ್ವಭಾವ. ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ, ತೊಟ್ಟಿಲ ಮೂಲೆಗೆ ಹಾಕುವ ಬಣ್ಣದ ಗುಂಡೊಂದನ್ನು ಬಟ್ಟಲಿನಂಥ ಕಟ್ಟಿಗೆಯಲ್ಲಿ ಕೂಡಿಸಿ, ಮೇಲೊಂದು ಸ್ಕ್ರೂ ನಿಲ್ಲಿಸಿ ಕೊಟ್ಟ.

“ಎತ್ತಾಗ ಬೇಕು ಅತ್ತಾಗ ಹೊಳ್ಳತೈತ್ರಿ ಮಾಸ್ತರ್ರ. ಹಿಂಥಾ ತಲಿ ಹೈದ್ರಾಬಾದದಾಗೂ ಸಿಗಂಗಿಲ್ಲ.”

ಅವನು ಹೇಳಿದ್ದು ಸುಳ್ಳಲ್ಲ. ತಲೆ ಎತ್ತ ಬೇಕಾದರೂ ಹೊರಳುತ್ತಿತ್ತು. ಆದರೆ ಎತ್ತ ಹೊರಳಬೇಕೆಂಬುದನ್ನು ತಾನೇ ನಿರ್ಧರಿಸುತ್ತಿತ್ತು. ಕ್ಯಾಮೆರಾ ಕೂಡಿಸಿದರೆ ಸ್ವಲ್ಪ ಹೊತ್ತು ಸಭ್ಯವಾಗಿ ಮುಂದೆ ನೋಡುವುದು. ಮಾಸ್ತರರು ಉಸಿರು ಬಿಗಿಹಿಡಿದು ಕ್ಯಾಮೆರಾದ ಗುಂಡಿಗೆ ಬೆರಳು ತಂದೊಡನೆ ತೂಕಡಿಸುವವರಂತೆ ಎದೆಯ ಮೇಲೆ ಬಾಗಿಬಿಡುವುದು. ಮಾಸ್ತರರು ಮತ್ತೆ ಅಂಬಣ್ಣನ ಅಂಗಡಿಗೆ ಓಡಿದರು.

ಆ ಹೊತ್ತಿಗೆ ಅಂಗಡಿಯಲ್ಲಿ, ಗೋಡೆಗೆ ಆನಿಸಿದ್ದ ಕದಗಳ ಆಚೆ, ಪೋತ್ನಾಳದ ಮಹಾಂತಯ್ಯ ಕೂತಿದ್ದ. ಹಳ್ಳಿ ಹಳ್ಳಿ ತಿರುಗಿ ಸೀರೆ ಮಾರುವವನು. ಮಾನ್ವಿಯಲ್ಲಿ ವೆಂಕೂಬಾಯಿಯವರ ಮನೆಗೆ ಮೂರು ತಲೆಮಾರಿನಿಂದ ಸೀರೆಗಳನ್ನೂ ಸುದ್ದಿಗಳನ್ನೂ ಒದಗಿಸುತ್ತ ಬಂದ ಮನೆತನ ಅವನದು. ಸೀರೆಯ ಪೆಟ್ಟಿಗೆಯ ಮುಚ್ಚಳ ರಿಪೇರಿಗೆ ಕೊಟ್ಟು ಬಸ್ಸಿಗೆ ಕಾಯುತ್ತಿದ್ದ ಅವನಿಗೆ ಈಚೆ ಇದ್ದವರು ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು.

“ಕಾಲಿಂದೇನೂ ಚಿಂತಿಲ್ಲ ಅಂಬಣ್ಣ,” ಎನ್ನುತ್ತಿದ್ದರು ಮಾಸ್ತರರು. “ಒಂದೇ ಕಾಲಾದ್ರೂ ಗಟ್ಟಿ ನಿಲ್ಲತದ. ತಲಿದೇ ತ್ರಾಸು. ತಲಿ ಸರಿ ಇಲ್ಲ.”

“ಏನ್ ಮಾಡತೈತ್ರಿ?”

“ನೆಟ್ಟಗ ನಿಲ್ಲವಲ್ಲದು. ಸುಮ್ಮಸುಮ್ಮನ ಹಿಂದಕ್ಕ ಹೊಳ್ಳತದ. ಒಮ್ಮೊಮ್ಮೆ ಎದಿಮ್ಯಾಲೆ ಬಿದ್ದುಬಿಡತದ.”

“ಕಟ್ಟಿ ನೋಡಿದ್ರೇನ್ರಿ?”

“ಹಗ್ಗಾ ಹಾಕಿ ಕಟ್ಟಿದ್ದಾತು. ಕಟ್ಟಿದ್ರೂ ಹೊಯ್ದಾಡತದ. ನಮ್ಮ ತುಂಗಾನ ಮದುವಿ ಇದರ ಮ್ಯಾಲೇ ನಿಂತದ ನೋಡು. ಮಾನ್ವಿ ವೆಂಕೂಬಾಯಿಯವರ ಮುಂದ ಎಲ್ಲಾ ಛಂದ ಅದ ಅಂತ ಹೇಳಿ ಬಂದೀನಿ. ಅವರಿಗೆ ಗೊತ್ತಾಗೂದರೊಳಗ ಹ್ಯಾಂಗರೆ ಮಾಡಿ ಸರಿ ಮಾಡಬೇಕು.”

ಅಷ್ಟರಲ್ಲಿ ಮಾನ್ವಿಯ ಬಸ್ಸು ಭೋಂಕರಿಸಿತು. ಮಹಾಂತಯ್ಯ ಪೆಟ್ಟಿಗೆ ಹೊತ್ತು ಹಿಂಬಾಗಿಲಿನಿಂದ ಓಡಿದ. ಇನ್ನೊಂದು ಗಳಿಗೆ ನಿಂತಿದ್ದರೆ, “ಕ್ಯಾಮೆರಾ ಈ ಕಡಿ ಹಿಡಕೋರಿ” ಎಂಬ ಅಂಬಣ್ಣನ ಮಾತು ಅವನ ಕಿವಿಗೆ ಬೀಳುತ್ತಿತ್ತು. ಆದರೆ ಆ ಬಸ್ಸಿನ ಡ್ರೈವರು ಯಾರಿಗೂ ಕಾಯುವವನಲ್ಲ ಎಂದು ಹೆಸರಾಗಿದ್ದ.

ಮಾನ್ವಿ ಮುಟ್ಟುವಷ್ಟರಲ್ಲಿ ಸುದ್ದಿ ಮೈತುಂಬಿಕೊಂಡಿತ್ತು. ವೆಂಕೂಬಾಯಿಯವರ ಪಡಸಾಲೆಯಲ್ಲಿ ಸೀರೆ ಹರಡುತ್ತ ಮಹಾಂತಯ್ಯ ಅದನ್ನು ಒಂದೊಂದೇ ಮಡಿಕೆಯಾಗಿ ಬಿಚ್ಚಿದ. ಹುಡುಗಿಗೆ ಒಂದೇ ಕಾಲು. ತಲೆ ಸರಿಯಿಲ್ಲ. ಸೋದರಮಾವನೇ ಹಗ್ಗ ಹಾಕಿ ಕಟ್ಟುತ್ತಾನೆ.

“ನಿಮ್ಮ ಉಪ್ಪು ತಿಂದೀನ್ರೆವ್ವಾ. ಕೇಳಿ ಸುಮ್ಮ ಕುಂದ್ರಾಕ ಮನಸಾಗಲಿಲ್ಲ.”

ವೆಂಕೂಬಾಯಿ ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟರು. ಕಣ್ಣೊರೆಸಿಕೊಂಡರೋ ಹಲ್ಲು ಕಡಿದರೋ ಮಹಾಂತಯ್ಯನಿಗೆ ತಿಳಿಯಲಿಲ್ಲ. ನಿಜಾಮರ ಆಡಳಿತದಲ್ಲಿ ಶುಕ್ರವಾರ ಕಚೇರಿಗೆ ರಜೆ. ಆ ದಿನವೇ ದೇವದುರ್ಗಕ್ಕೆ ಹೋಗಿ ಮುಖಕ್ಕೆ ಮುಖ ಕೊಟ್ಟು ಈ ಸಂಬಂಧವನ್ನು ಮುರಿದು ಬರುವುದೆಂದು ಅವರು ಗೊತ್ತುಮಾಡಿದರು. ಯಾವತ್ತೂ ಕನ್ಯೆ ನೋಡಲು ಹೊರಡದ ಮಗ ವಾದಿರಾಜ, ಈ ಸಲ ತಾನೂ ಬರುತ್ತೇನೆಂದ. ತಾಯಿ ಬೇಡವೆಂದರೂ ಕೇಳಲಿಲ್ಲ.

ಅದೇ ಶುಕ್ರವಾರ ಮಾಸ್ತರರೂ ದೇವದುರ್ಗದ ದಾರಿ ಹಿಡಿದಿದ್ದರು. ತಪಾಸಣೆಯ ನಾಕಾದಲ್ಲಿ ಬಸ್ಸು ನಿಲ್ಲಿಸಿದ ಪೊಲೀಸ್ ಜವಾನ ಅವರ ಕಂಕುಳ ಕಡೆ ಬೆರಳು ಮಾಡಿದ.

“ಯೇ ಕ್ಯಾ ಹೈ?”

“ಕಾಲು,” ಎಂದರು ಮಾಸ್ತರರು, ಗಾಬರಿಯಲ್ಲಿ ಬೇರೆ ಶಬ್ದ ಸಿಗದೆ.

“ಯಾರದು?”

“ನನ್ನದೇ ಸಾಬ್.”

ಜವಾನ ಬಗ್ಗಿ ಮಾಸ್ತರರ ಎರಡು ಕಾಲುಗಳನ್ನು ನೋಡಿದ, ಕಂಕುಳಿನದನ್ನು ನೋಡಿದ. “ಮತ್ತೆ ಚೀಲದಾಗ ಏನೈತಿ?”

“ಅದರ ತಲಿ.”

ಚೀಲದಿಂದ ಹೊರಬಂದ ಬಣ್ಣದ ಗುಂಡನ್ನು ಜವಾನ ಬಿಸಿಲಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿದ. ಕೊನೆಗೆ ಮದರಸೆಯ ಮಾಸ್ತರರೆಂದು ತಿಳಿದಾಗ, ಇದನ್ನು ಮೊದಲೇ ಹೇಳಬಾರದಿತ್ತೇ ಎಂಬಂತೆ ಕನಿಕರದಿಂದ ಬಿಟ್ಟುಬಿಟ್ಟ. ಮಾಸ್ತರರ ಬೆವರು ಮಾತ್ರ ದೇವದುರ್ಗದವರೆಗೂ ಆರಲಿಲ್ಲ.

ಅಕ್ಕನ ಅಂಗಳದಲ್ಲಿ ಕೋಲು ನಿಲ್ಲಿಸಿದಾಗ ಹೊಸ ತೊಂದರೆ ಕಂಡಿತು. ತಲೆ ಅಲುಗಾಡುತ್ತದೆಂದು ಅಂಬಣ್ಣ ಗುಂಡಿನ ಮಗ್ಗುಲಿಗೆ ಬೆಣೆ ಹೊಡೆದಿದ್ದ. ಈಗ ತಲೆ ಅಲುಗಾಡುವುದಿರಲಿ, ಮಾಸ್ತರರು ಎರಡೂ ಕೈ ಹಾಕಿ ತಿರುವಿದರೂ ಜಪ್ಪೆನ್ನಲಿಲ್ಲ. ಕ್ಯಾಮೆರಾ ಅಡ್ಡಡ್ಡವಾಗಿ ಕೂತುಬಿಟ್ಟಿತ್ತು. ಅಡ್ಡಲಾಗಿ ಕೂತರೆ ನಿಂತ ಹುಡುಗಿಯ ತಲೆಯೋ ಪಾದವೋ ಹೊರಗುಳಿಯುತ್ತದೆ. ಸುರುಳಿಯಲ್ಲಿ ಉಳಿದದ್ದು ಒಂದೇ ಫೋಟೋ. ತಲೆಯನ್ನು ಬಿಡುವುದೋ ಪಾದವನ್ನು ಬಿಡುವುದೋ ಎಂದು ಮಾಸ್ತರರು ಚಿಂತೆಯಲ್ಲಿ ಮುಳುಗಿದ್ದಾಗ, ಪಕ್ಕದ ಮನೆಯ ದಾವಲ್ ಬೀ ಗೋಡೆಯ ಮೇಲಿಂದ ಇಣುಕಿದಳು.

“ಆಚಾರಿ ಸಾಬ್, ನಿಮ್ಮ ಮನಿ ಕೇಳ್ಕೊಂತ ಯಾರೋ ಬರಾಕತ್ತಾರ. ಮಾನ್ವಿಯವರಂತ.”

ಫೋಟೋ ಕಳಿಸಲಿಲ್ಲವೆಂದು ಕೇಳಲು ಬಂದಿದ್ದಾರೆಂದೇ ಮಾಸ್ತರರು ತಿಳಿದರು. ಕೋಲನ್ನು ಅಡಿಗೆಮನೆಯ ಬಾಗಿಲ ಹಿಂದೆ ಅಡಗಿಸಿ, ಕಂಬಳಿ ಹಾಸಿದರು. ಅವರು ತಲೆಯೆತ್ತುವಷ್ಟರಲ್ಲಿ ವಾದಿರಾಜ ಹೊರಗಿನ ಕಟ್ಟೆಯ ಮೇಲೇ ಕೂತುಬಿಟ್ಟಿದ್ದ. ಮಹಾಂತಯ್ಯ ಸಾಕ್ಷಿಯ ಗಾಂಭೀರ್ಯದಿಂದ ಕಂಬಕ್ಕೆ ಒರಗಿದ. ವೆಂಕೂಬಾಯಿ ತಮ್ಮ ಚೊಂಬಿನ ನೀರನ್ನೇ ಒಂದು ಗುಟುಕು ಕುಡಿದು ಶುರುಮಾಡಿದರು.

“ಆಚಾರ್ರೆ, ಸುತ್ತು ಬಳಸಿ ಮಾತಾಡೂದು ಬ್ಯಾಡ. ನಮಗ ಎಲ್ಲಾ ತಿಳದದ. ತಲಿ ಸರಿ ಇಲ್ಲಂತ.”

ಮಾಸ್ತರರ ಮುಖ ಇಳಿದುಹೋಯಿತು. ಗುಟ್ಟು ಮಾನ್ವಿಯವರೆಗೆ ಮುಟ್ಟಿತೆಂದರೆ ಇನ್ನು ಮುಚ್ಚಿ ಫಲವೇನು.

“ಖರೇ ಅದ್ರಿ ಅವ್ವಾರ. ನಿಮಗ ಮೋಸ ಮಾಡಬೇಕಂತ ಇರಲಿಲ್ಲ. ದುರಸ್ತಿ ಮಾಡಸ್ಲಿಕತ್ತೀನಿ.”

“ಯಾವ ವೈದ್ಯರ ಕಡೆ?”

“ವೈದ್ಯರಲ್ರಿ, ಬಡಿಗ್ಯಾನ ಕಡೆ. ಮೊನ್ನೆ ತಲಿಗೆ ಒಂದು ಬೆಣಿ ಹೊಡದಾನ.”

ವೆಂಕೂಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಬೆಣಿ ಹೊಡದನಾ?”

“ಹೊಡದ ಮ್ಯಾಲ ಹೊಯ್ದಾಡೋದು ನಿಂತದ್ರಿ. ಆದ್ರ ಈಗ ಅತ್ತಿತ್ತ ಹೊಳ್ಳೂದೇ ಇಲ್ಲ.”

“ಮತ್ತ ಕಾಲು?”

“ಕಾಲು ಮೊದಲಿಂದನೂ ಒಂದೇ. ಅದರದೇನು ಕೊರತಿ ಅಲ್ರಿ. ಮೂರಿದ್ರ ಎತ್ತಿಕೊಂಡು ತಿರುಗೋದು ಭಾರ.”

“ಮೂರು,” ಎಂದರು ವೆಂಕೂಬಾಯಿ, ಸತ್ತ ದನಿಯಲ್ಲಿ.

“ಒಂದಿದ್ರ ಕೆಲಸ ಆದ ಮ್ಯಾಲ ಒತ್ತಿ ಸಣ್ಣದು ಮಾಡಿ ಮೂಲ್ಯಾಗ ನಿಲ್ಲಿಸಬಹುದು. ಜಾಗಾನೂ ಉಳಿತದ.”

ಮಹಾಂತಯ್ಯ ಕಂಬಕ್ಕೆ ಹೇಳಿದಂತೆ, “ನಾ ಸುಳ್ಳು ಹೇಳಿದ್ನೇನ್ರಿ,” ಎಂದ.

ಅಡಿಗೆಮನೆಯಿಂದ ಬಂದ ಸತ್ಯಭಾಮಾಬಾಯಿ ತಮ್ಮನನ್ನೂ ಬೀಗಿತಿಯಾಗಬೇಕಾದವರನ್ನೂ ಬೆರಗಾಗಿ ನೋಡುತ್ತ ನಿಂತರು. ಆಗ ಕಟ್ಟೆಯ ಮೇಲಿಂದ ವಾದಿರಾಜನ ದನಿ ಬಂತು. ಮೆಲ್ಲಗಿನ, ಆದರೆ ಗಟ್ಟಿಯಾದ ದನಿ.

“ಅವ್ವಾ, ನನಗೇನೂ ಅಡ್ಡಿ ಇಲ್ಲ. ಕಾಲು ಒಂದಿದ್ರೂ ಆತು. ತಲಿದು ಆಮ್ಯಾಲ ನೋಡೋಣ.”

“ನೀ ಸುಮ್ಮನಿರು ರಾಜಾ.”

ಇದೇ ಸಮಯಕ್ಕೆ ತುಂಗಾ ತಟ್ಟೆಯಲ್ಲಿ ಬೆಲ್ಲ, ನೀರು ಹಿಡಿದು ಹೊರಗೆ ಬಂದಳು. ಪಡಸಾಲೆಯ ಕಣ್ಣುಗಳೆಲ್ಲ ಅವಳ ಸೀರೆಯ ಅಂಚಿಗೆ ಇಳಿದವು. ಎಡಪಾದ ಬಂತು. ಬಲಪಾದ ಬಂತು. ಮತ್ತೆ ಎಡದ್ದು.

“ಒಂದು ಕಟಿಗಿದಿರಬೇಕು,” ಎಂದು ಮಹಾಂತಯ್ಯ ಪಿಸುಗುಟ್ಟಿದ.

ವೆಂಕೂಬಾಯಿ ಹುಬ್ಬು ಗಂಟಿಕ್ಕಿ, “ಏನವ್ವಾ, ಆ ಅಟ್ಟದ ಮ್ಯಾಲಿನ ಕೇರೋ ಮರ ಇಳಿಸಿ ಕೊಡು, ನೋಡೋಣ,” ಎಂದರು.

ತುಂಗಾ ಏಣಿ ಹತ್ತಿ ಮೊರವನ್ನು ಇಳಿಸಿ, ಧೂಳು ಕೊಡವಿ ಮುಂದಿಟ್ಟಳು.

“ಇವತ್ತು ಯಾ ವಾರ?”

“ಶುಕ್ರವಾರ.”

“ಇವರು ನಿನಗ ಏನಾಗಬೇಕು?”

“ನಮ್ಮ ಮಾಮಾ. ಧೀರೇಂದ್ರಾಚಾರ್ ಅಂತ. ಹಿಂಗ್ಯಾಕ ಬೆವರ್ಲಿಕತ್ತಾರ ಅಂತ ಮಾತ್ರ ನನಗ ಗೊತ್ತಿಲ್ಲ.”

ವೆಂಕೂಬಾಯಿ ಮಾಸ್ತರರ ಕಡೆ ತಿರುಗಿದರು. “ಆಚಾರ್ರೆ, ಇಷ್ಟೊತ್ತು ನೀವು ಯಾರ ತಲಿ, ಯಾರ ಕಾಲು ಹೇಳ್ಲಿಕತ್ತಿದ್ರಿ?”

ತುಂಗಾ ಒಬ್ಬೊಬ್ಬರ ಮುಖ ನೋಡಿದಳು. ಒಳಗೆ ಹೋಗಿ, ಬಾಗಿಲ ಹಿಂದಿನ ಕೋಲನ್ನು ಕ್ಯಾಮೆರಾ ಸಮೇತ ತಂದು ವೆಂಕೂಬಾಯಿಯವರ ಮುಂದೆ ನಿಲ್ಲಿಸಿದಳು.

“ಇದರದು ಇರಬೇಕ್ರಿ,” ಎಂದಳು.

ಮೊದಲು ನಕ್ಕವಳು ಗೋಡೆಯ ಮೇಲಿದ್ದ ದಾವಲ್ ಬೀ. ಆಮೇಲೆ ಸತ್ಯಭಾಮಾಬಾಯಿ. ವೆಂಕೂಬಾಯಿ ತಡೆಯಲು ನೋಡಿ ಸೋತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಹಾಂತಯ್ಯ ತನಗೆ ಹೊರಗೆ ಏನೋ ಕೆಲಸವಿದೆಯೆಂಬುದನ್ನು ನೆನಪಿಸಿಕೊಂಡ.

ನಗದೆ ಉಳಿದವನು ವಾದಿರಾಜ ಒಬ್ಬನೇ. ಅವನು ಕಟ್ಟೆಯಿಂದ ಇಳಿದ. ಇಳಿದು ಬಾಗಿಲತನಕ ನಾಲ್ಕು ಹೆಜ್ಜೆ ಬಂದ. ಆ ನಾಲ್ಕು ಹೆಜ್ಜೆಯಲ್ಲಿ ಮನೆಯ ನಗೆಯೆಲ್ಲ ನಿಂತುಹೋಯಿತು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಊರುಗೋಲಿನ ಮೇಲೆ ಭಾರ ಹಾಕಿ, ಮೈಯನ್ನು ಒಂದು ಕಡೆಗೆ ಎಸೆದಂತೆ ಮಾಡಿ ಅವನು ನಡೆಯುತ್ತಿದ್ದ.

ಅಕ್ಕ ತಮ್ಮನನ್ನು ನೋಡಿದರು. ಮಾನ್ವಿಗೆ ಹೋದಾಗ ಹುಡುಗ ಬರೆಯುವ ಮೇಜಿನ ಹಿಂದಿನಿಂದ ಏಳಲೇ ಇಲ್ಲವೆಂಬುದು ಮಾಸ್ತರರಿಗೆ ಈಗ ಹೊಳೆಯಿತು. ಆಗ ಅದನ್ನು ಗಾಂಭೀರ್ಯವೆಂದು ಬಗೆದಿದ್ದರು. “ಮೇಜಿನ ಹಿಂದಿಂದ ಏಳಲೇ ಇಲ್ಲ ಅಕ್ಕಾ,” ಎಂದು ಮೆಲ್ಲಗೆ ಅಂದರು.

ವೆಂಕೂಬಾಯಿ ತಲೆ ತಗ್ಗಿಸಿ ಚೊಂಬಿನ ಬಾಯಿಯನ್ನು ಸೆರಗಿನಿಂದ ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

“ನಾವೂ ಹೇಳಿದ್ದಿಲ್ಲ,” ಎಂದ ವಾದಿರಾಜ. “ಒಂದು ಕಾಲಿನ ಹುಡುಗಿ ಅಂತ ಕೇಳಿ ನನಗೂ ಧೈರ್ಯ ಬಂತು. ಅದಕ್ಕ ಬಂದೆ. ಎರಡೂ ನೆಟ್ಟಗ ಅದಾವಂದ್ರ, ನಡೀ ಅವ್ವಾ. ಬಸ್ಸು ಸಿಗತದ ಇನ್ನೂ.”

ಮಾಸ್ತರರು ಏನಾದರೂ ಹೇಳಲೇಬೇಕಿತ್ತು. ಹೋಗಿರೆನ್ನಲೋ, ಕೂಡಿರೆನ್ನಲೋ. ಯಾವುದನ್ನು ಹೇಳಿದರೂ ಅಕ್ಕನ ಮನೆಯ ಮೇಲೆ ಅದು ಜನ್ಮವಿಡೀ ನಿಲ್ಲುತ್ತದೆ. ಅಷ್ಟರಲ್ಲಿ ತುಂಗಾ ಕೋಲನ್ನೆತ್ತಿಕೊಂಡು ಬಾಗಿಲಿಗೆ ಹೋದಳು.

“ಹೋಗೋದಿದ್ರ ಹೋಗ್ರಿ. ಆದ್ರ ಒಂದೇ ಕೋಲಿನ ಮ್ಯಾಲ ಭಾರ ಹಾಕೋದು ನಿಮಗ ರೂಢಿ ಅದ. ಇದಕ್ಕ ಎಂಥ ತಲಿ ಬೇಕು, ಅದೊಂದು ಹೇಳಿ ಹೋಗ್ರಿ. ನಮ್ಮ ಮಾಮಾ ಎರಡು ತಿಂಗಳಿಂದ ನಿದ್ದಿ ಮಾಡಿಲ್ಲ.”

ವಾದಿರಾಜ ಅವಳ ಮುಖವನ್ನು ನೋಡಿದ. ಗೇಲಿ ಕಾಣಲಿಲ್ಲ. ಮತ್ತೆ ಕಟ್ಟೆಯ ಮೇಲೆ ಕೂತು ಕೋಲನ್ನು ತೊಡೆಯ ಮೇಲಿಟ್ಟುಕೊಂಡ. ಗುಂಡನ್ನು ತಟ್ಟಿ ನೋಡಿದ.

“ಇದು ಸುತ್ತ ಹೊಳ್ಳೋ ತಲಿ. ಇದಕ್ಕ ಅದು ಬ್ಯಾಡ,” ಎಂದ. “ಸುತ್ತ ತಿರಗೋದಕ್ಕ ಕೋಲೇ ಅದ ಅಲ್ಲ, ಕೈಯಾಗ ಹಿಡದು ತಿರುವಿದ್ರಾತು. ತಲಿ ಬರೇ ಒಂದು ಕಡೆ ಬಗ್ಗಬೇಕು, ಬಗ್ಗಿದಲ್ಲೇ ನಿಲ್ಲಬೇಕು.”

“ಬಿಜಾಗರಿ ಹಂಗ?” ಎಂದಳು ತುಂಗಾ.

“ಹೌದು. ಕದದ ಬಿಜಾಗರಿ ಹಂಗನ. ಆದ್ರ ಸಡ್ಲ ಇರಬಾರದು.”

“ಹಿತ್ತಲ ಕಿಟಕಿದು ತುಕ್ಕು ಹಿಡದದ. ಎಲ್ಲಿಗೆ ತಗದ್ರ ಅಲ್ಲೇ ನಿಲ್ಲತದ.”

“ಅದನ್ನ ಬಿಚ್ಚಿಕೊಂಡು ಬರ್ರಿ.”

ಸತ್ಯಭಾಮಾಬಾಯಿಯ ಹಿತ್ತಲ ಕಿಟಕಿ ಆ ಮಧ್ಯಾಹ್ನ ಒಂದು ಕದವನ್ನು ಕಳೆದುಕೊಂಡಿತು. ಬಿಜಾಗರಿಯ ಒಂದು ಎಲೆಯನ್ನು ವಾದಿರಾಜ ಕೋಲಿನ ತುದಿಗೆ ಬಿಗಿದ. ಇನ್ನೊಂದು ಎಲೆಗೆ ಅಂಬಣ್ಣನ ಗುಂಡಿನಿಂದ ಕಿತ್ತ ಸ್ಕ್ರೂವನ್ನು ತೂರಿಸಿದ. ತುಂಗಾ ಕೋಲನ್ನು ಅಲುಗಾಡದಂತೆ ಹಿಡಿದಿದ್ದಳು. ಇಬ್ಬರೂ ಸ್ಕ್ರೂವಿನ ವಿಷಯ ಬಿಟ್ಟು ಬೇರೇನೂ ಆಡಲಿಲ್ಲ. ಆದರೆ ಒಂದು ಸ್ಕ್ರೂವಿನ ವಿಷಯದಲ್ಲಿ ಇಷ್ಟು ಮಾತುಗಳಿರುತ್ತವೆಂದು ಪಡಸಾಲೆಯಲ್ಲಿ ಕೂತಿದ್ದ ಹಿರಿಯರಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ವೆಂಕೂಬಾಯಿ ಬಾಗಿಲ ಕಡೆ ನೋಡುವರು, ಸತ್ಯಭಾಮಾಬಾಯಿ ವೆಂಕೂಬಾಯಿಯ ಕಡೆ ನೋಡುವರು, ಮಾಸ್ತರರು ನೆಲ ನೋಡುವರು.

“ಏನ್ ಮಾಡೋಣ ಧೀರೂ?” ಎಂದು ಅಕ್ಕ ಕಿವಿಯಲ್ಲಿ ಕೇಳಿದರು.

“ಅಕಿನ್ನ ಕೇಳೋಣ ಅಕ್ಕಾ,” ಎಂದರು ಮಾಸ್ತರರು. ಅಷ್ಟು ಹೇಳುವುದಕ್ಕೇ ಅವರಿಗೆ ಸಾಕುಬೇಕಾಗಿತ್ತು.

ಹೊಸ ತಲೆ ಬಗ್ಗಿಸಿದಲ್ಲಿಗೆ ಬಗ್ಗಿತು, ನಿಲ್ಲಿಸಿದಲ್ಲಿ ನಿಂತಿತು. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರೆ ಹಾಗೇ ಉಳಿಯಿತು. 

“ಬಾ ತುಂಗಾ, ನಿಂದ್ರು,” ಎಂದು ಮಾಸ್ತರರು ಅವಸರಪಟ್ಟರು. “ಬಿಸಿಲು ಹೋಗೂದರೊಳಗ ತಗದುಬಿಡ್ತೀನಿ. ಇರೋದೊಂದೇ ಫೋಟೋ.”

“ಇನ್ನ ಫೋಟೋ ಯಾಕ್ರಿ ಆಚಾರ್ರೆ,” ಎಂದರು ವೆಂಕೂಬಾಯಿ. ಅವರ ದನಿ ಬಹಳ ಮೆತ್ತಗಾಗಿತ್ತು. “ಹುಡುಗೀನ್ನೇ ನೋಡಿದ್ವೆಲ್ಲ. ಏಣಿ ಹತ್ತಿಸಿ ನೋಡಿದ್ವಿ.”

ಇಷ್ಟು ದಿನದ ಪಾಡು ಒಂದೇ ಮಾತಿನಲ್ಲಿ ನೀರಿಗೆ ಹೋದದ್ದನ್ನು ನೋಡುತ್ತ ಮಾಸ್ತರರು ಕೋಲು ಹಿಡಿದು ನಿಂತರು. 

ತುಂಗಾ ಹೇಳಿದಳು. “ಮಾಮಾ, ಅವರದು ತಗೀ.”

“ಯಾರದು?”

“ಅವರಿಗೆ ನಮ್ಮ ಫೋಟೋ ಬೇಕಾಗಿತ್ತು. ನಮಗೂ ಅವರದೊಂದು ಬೇಡೇನು? ಮೇಜಿನ ಹಿಂದ ಕೂತಿದ್ದಲ್ಲ, ನಿಂತದ್ದು ಬೇಕು. ಕಾಲು ಸಹಿತ.”

ಸತ್ಯಭಾಮಾಬಾಯಿ ಮಗಳ ಮುಖವನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಸಕ್ಕರೆಯ ಡಬ್ಬಿ ಹುಡುಕತೊಡಗಿದರು. ಯುದ್ಧಕಾಲದ ಸಕ್ಕರೆ, ಅದನ್ನು ಹೊರಗೆ ತೆಗೆದರೆಂದರೆ ಮಾತು ಮುಗಿಯಿತೆಂದೇ ಅರ್ಥ. ವೆಂಕೂಬಾಯಿ ಸೆರಗಿನಿಂದ ಈ ಸಲ ಚೊಂಬನ್ನಲ್ಲ, ಕಣ್ಣನ್ನು ಒರೆಸಿಕೊಂಡರು.

ವಾದಿರಾಜ ಅಂಗಳದ ನಡುವೆ ಊರುಗೋಲು ಹಿಡಿದು ನಿಂತ. ಪಂಚೆಯನ್ನು ಕಾಲಿನ ಮೇಲೆ ಎಳೆದುಕೊಳ್ಳಹೋದವನು ತುಂಗಾಳನ್ನು ನೋಡಿ ಬಿಟ್ಟುಬಿಟ್ಟ.

ಮಾಸ್ತರರು ಬಿಜಾಗರಿಯನ್ನು ಒಂದಿಷ್ಟು ಬಗ್ಗಿಸಿ, ಕ್ಯಾಮೆರಾದ ಮೇಲಿನ ಪುಟ್ಟ ಕನ್ನಡಿಯೊಳಗೆ ಇಣುಕಿದರು. ಅದರಲ್ಲಿ ಹುಡುಗ ಅಂಗೈಯಷ್ಟೂ ಇಲ್ಲದಂತೆ ಸಣ್ಣಗೆ, ಅಡಿಯಿಂದ ಮುಡಿಯವರೆಗೆ ಪೂರ್ತಿ ಕಾಣುತ್ತಿದ್ದ. ಆ ಕನ್ನಡಿಯ ಗುಣವೆಂದರೆ ಅದು ಎಡವನ್ನು ಬಲ ಮಾಡಿ ತೋರಿಸುತ್ತದೆ, ಬಲವನ್ನು ಎಡ. ಗಿಡ್ಡ ಕಾಲು ಯಾವುದೆಂದು ಮಾಸ್ತರರು ಲೆಕ್ಕ ಹಾಕಲು ನೋಡಿದರು. ಕನ್ನಡಿಯಲ್ಲಿ ಒಂದು ಕಂಡಿತು, ಅಂಗಳದಲ್ಲಿ ಇನ್ನೊಂದು. ಎರಡು ಸಲ ಕೂಡಿಸಿ ಕಳೆದರೂ ಉತ್ತರ ಬರಲಿಲ್ಲ. ಆಮೇಲೆ ಅದನ್ನು ಬಿಟ್ಟು ಗುಂಡಿ ಒತ್ತಿದರು.